ಪಡುವಣಕ್ಕೆ ಮುಖ

ಸೂರ್ಯ ಮುಳುಗಬೇಕಾದ ಕಡೆ ಮುಳುಗುತ್ತಿರಲಿಲ್ಲ. ಹಡಗಿನ ಮೇಲಂತಸ್ತಿನಲ್ಲಿ ಕಬ್ಬಿಣದ ಕಟಕಟೆ ಹಿಡಿದು ನಿಂತಿದ್ದ ಆರಿಫಾ ಅದನ್ನೇ ನೋಡುತ್ತಿದ್ದಳು. ಹಡಗು ಉತ್ತರಕ್ಕೆ ಹೊರಟಿದೆ ಎಂಬುದನ್ನು ಹತ್ತುವಾಗಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಹಾಗಾದರೆ ಪಡುವಣ ಎಡಗೈಗೆ ಬರಬೇಕು. ಸೂರ್ಯ ಮಾತ್ರ ಎಡಗೈಯನ್ನು ದಾಟಿ ಹಡಗಿನ ಮೂತಿಯ ಕಡೆಗೇ ಜಾರುತ್ತ ಹೋಗಿ, ನೀರಿನಿಂದ ಗೇಣು ಎತ್ತರದಲ್ಲಿ, ಮನೆಗೆ ಹೋಗಲು ಮನಸ್ಸಿಲ್ಲದವನಂತೆ ನಿಂತಿದ್ದ. ಜೂನ್ ತಿಂಗಳಲ್ಲಿ ಇಷ್ಟು ಮೇಲಕ್ಕೆ ಬಂದರೆ ಹೀಗೇ ಆಗುತ್ತದೆ ಎಂದು ಹುನಗುಂದದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಕೆ ವರ್ಷವರ್ಷವೂ ಪಾಠ ಹೇಳಿದ್ದಳು. ಕಿತ್ತಳೆ ಹಣ್ಣಿಗೆ ದಬ್ಬಣ ಚುಚ್ಚಿ, ತುಸು ವಾಲಿಸಿ, ಮೇಣದಬತ್ತಿಯ ಸುತ್ತ ತಿರುಗಿಸಿ ತೋರಿಸುತ್ತಿದ್ದಳು. ಹುಡುಗಿಯರ ಕಣ್ಣು ಪಾಠದ ಮೇಲಿರದೆ, ಪಾಠ ಮುಗಿದ ಮೇಲೆ ಯಾರಿಗೆ ಯಾವ ತೊಳೆ ಎಂಬುದರ ಮೇಲಿರುತ್ತಿತ್ತು. ತಾನು ಹೇಳಿದ್ದೆಲ್ಲ ಖರೆಯೇ ಎಂದು ಈಗ ಕಣ್ಣೆದುರು ಕಾಣುತ್ತಿತ್ತು. ಅದರಿಂದ ಸಂತೋಷವಾಗಲಿಲ್ಲ. ಜನವರಿಯ ಆ ಮಧ್ಯಾಹ್ನ ಫೋನಿನಲ್ಲಿ ಒಬ್ಬ ಹೆಂಗಸು “ಮುಖ ಯಾವ ದಿಕ್ಕಿಗೆ?” ಎಂದು ಕೇಳಿದಾಗ ಈ ಕಿತ್ತಳೆ, ಈ ದಬ್ಬಣ, ಈ ಮೇಣದಬತ್ತಿ ಎಲ್ಲಿ ಹೋಗಿದ್ದವು?

ಬಬ್ಲು ಆಕೆಯ ಕೊನೆಯ ತಮ್ಮ. ಶಕೀಲ ಎಂಬ ಹೆಸರು ಶಾಲೆಯ ಹಾಜರಿಯಲ್ಲಿ, ಆಮೇಲೆ ಹಡಗಿನ ಕಾಗದಗಳಲ್ಲಿ ಮಾತ್ರ ಇತ್ತು. ತಾಯಿ ಅವನನ್ನು ಹೆತ್ತು ಕಣ್ಣು ಮುಚ್ಚಿದ್ದರಿಂದ ಆರಿಫಾಳ ಮಡಿಲಲ್ಲೇ ಬೆಳೆದ ಕೂಸು. ಸರಕು ಹಡಗಿನಲ್ಲಿ ಅಡುಗೆಯವನಾಗಿ ಊರೂರು ಸುತ್ತಿದವನು ಉತ್ತರದ ಸಮುದ್ರದಲ್ಲಿ ಎದೆ ಹಿಡಿದುಕೊಂಡು ಬಿದ್ದ. ಹತ್ತಿರದ ದ್ವೀಪಕ್ಕೆ ಇಳಿಸಿದರು. ಅಲ್ಲಿನ ಸಣ್ಣ ದವಾಖಾನೆಯಲ್ಲಿ ತೀರಿಕೊಂಡ. ಹೆಣ ಊರಿಗೆ, ಇಳಕಲ್ಲಿಗೆ, ಬರಬೇಕೆಂದರೆ ವಾರಗಟ್ಟಲೆ ಕಾಯಬೇಕು, ಅಷ್ಟು ದಿನ ಮಣ್ಣಿಲ್ಲದೆ ಇಡಬಾರದು, ಅಲ್ಲೇ ಮಾಡಲಿ ಎಂದು ನಡುವಿನ ತಮ್ಮ ಅಹ್ಮದಸಾಬ ಹೇಳಿದ. ಬಾಗಲಕೋಟೆಯ ನವನಗರದಿಂದ ಬಬ್ಲುವಿನ ಹೆಂಡತಿ ನರ್ಗೀಸಳೂ ಅಳುತ್ತಲೇ ಹೂಂ ಅಂದಳು. ಆ ದ್ವೀಪದಲ್ಲಿ ಮುಸಲ್ಮಾನರು ಯಾರೂ ಇರಲಿಲ್ಲ. ಇಂಗಾ ಎಂಬ ಹೆಂಗಸು, ಗೋರಿ ತೋಡುವ ಬಡಗಿಯ ಹೆಂಡತಿ, ತಾನಾಗಿ ಫೋನ್ ಮಾಡಿದಳು. ನಿಮ್ಮವರ ಪದ್ಧತಿ ಹೇಳಿ, ನಾವು ಹಾಗೇ ಮಾಡುತ್ತೇವೆ ಎಂದಳು. ಮನೆ ತುಂಬ ಜನ ಕೂತಿದ್ದರು. ಇಂಗ್ಲಿಷ್ ಬರುವವಳು ಎಂದು ಎಲ್ಲರೂ ಆರಿಫಾಳ ಬಾಯಿ ನೋಡುತ್ತಿದ್ದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ತರಗತಿಯ ಧ್ವನಿಯಲ್ಲಿ, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಸ್ನಾನ ಹೀಗೆ. ಬಿಳಿ ಬಟ್ಟೆ ಹೀಗೆ. ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ, ಬಲ ಮಗ್ಗುಲಿಗೆ ಹೊರಳಿಸಿ ಮುಖ ಪಡುವಣಕ್ಕೆ. ಆ ಹೆಂಗಸು ಒಮ್ಮೆ ತಡೆದು, “ಪಡುವಣ? ಖಂಡಿತವಾಗಿ?” ಎಂದು ಕೇಳಿದ್ದಳು. “ಖಂಡಿತವಾಗಿ” ಎಂದಿದ್ದಳು ಆರಿಫಾ. ಹಾಗೆ ಹೇಳುವಾಗ ದುಃಖದ ನಡುವೆಯೂ ಒಳಗೆ ಎಲ್ಲೋ ಸಣ್ಣ ಹೆಮ್ಮೆಯಾಗಿತ್ತು. ಹೆಣ್ಣಾಗಿ ಹುಟ್ಟಿದವಳು ತಮ್ಮನ ಮಣ್ಣಿನ ವ್ಯವಸ್ಥೆ ನಿಂತು ಮಾಡಿಸಿದೆ ಎಂಬ ಹೆಮ್ಮೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಇಳಕಲ್ಲಿನಲ್ಲಿ ಪಡುವಣವನ್ನು ಯಾರೂ ಕಲಿಯುವುದಿಲ್ಲ. ಕತ್ತಲಲ್ಲಿ ಮನೆಯ ಮೆಟ್ಟಿಲು ಕಾಲಿಗೆ ಗೊತ್ತಿರುವಂತೆ ಅದು ಗೊತ್ತಿರುತ್ತದೆ. ಆ ಕಡೆ ಕಾಲು ಚಾಚಿ ಮಲಗುವುದಿಲ್ಲ, ಆ ಕಡೆ ಉಗುಳುವುದಿಲ್ಲ. ಅಬ್ಬಾ ಕುಣಿಮಗ್ಗದಲ್ಲಿ ಕೂತಲ್ಲಿಂದಲೇ ನಮಾಜಿಗೆ ಹೊತ್ತಾಯಿತೆಂದು ಎದ್ದರೆ ಯೋಚಿಸದೆ ಆ ಗೋಡೆಗೇ ತಿರುಗುತ್ತಿದ್ದರು. ಮಕ್ಕಾ ಎಂದರೆ ಪಡುವಣ, ಪಡುವಣ ಎಂದರೆ ಮಕ್ಕಾ. ಎರಡು ಬೇರೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ. ಬಬ್ಲು ಮಣ್ಣಾದ ಎರಡು ತಿಂಗಳ ಮೇಲೆ, ಸುಮ್ಮನೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದಾಗ, ಮನಸ್ಸಿನಲ್ಲಿ ಬೇರೇನೂ ಇರದಿದ್ದಾಗ, ತರಗತಿಯ ಗೋಡೆಯ ನಕಾಶೆ ಇದ್ದಕ್ಕಿದ್ದಂತೆ ಆಕೆಯ ಕಣ್ಣ ಮುಂದೆ ಬಿಚ್ಚಿಕೊಂಡಿತು. ಮೂಲೆಯಲ್ಲಿ ನೊಣದ ಹಿಕ್ಕೆಯ ಕಲೆ ಇದ್ದ ಅದೇ ನಕಾಶೆ. ಮೇಲೆ ಎಡಕ್ಕೆ ಆ ದ್ವೀಪ. ಕೆಳಗೆ ಬಲಕ್ಕೆ, ಬಹಳ ಕೆಳಗೆ, ಅರಬಸ್ತಾನ. ದ್ವೀಪದಿಂದ ಪಡುವಣಕ್ಕೆ ನೋಡಿದರೆ ಬರೀ ನೀರು. ಚಾಕು ಹಾಗೇ ಕೈಯಲ್ಲಿತ್ತು. ಬಬ್ಲು ಬೆನ್ನು ಮಾಡಿ ಮಲಗಿದ್ದಾನೆ. ಕಾಬಾಕ್ಕೂ ಬೆನ್ನು, ಊರಿಗೂ ಬೆನ್ನು. ನಾನು ಮಲಗಿಸಿದ್ದು.

ಆಕೆ ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಅಂದೇ ಅಹ್ಮದಸಾಬನಿಗೆ ಹೇಳಿದಳು, ಮೌಲಾನಾರಿಗೆ ಹೇಳಿ ಕಳಿಸಿದಳು. ಎಲ್ಲರೂ ಸಮಾಧಾನ ಹೇಳಿದರು, ಆ ಸಮಾಧಾನವನ್ನೇ ಆಕೆಗೆ ತಡೆಯಲಾಗಲಿಲ್ಲ.

“ಗೊತ್ತಿಲ್ದ ಆದ ತಪ್ಪು ಮಾಫ್ ಅದ ಅಂತ ಮೌಲಾನಾರು ಹೇಳ್ಯಾರಲ್ಲ ಆಪಾ. ಮತ್ಯಾಕ ಜೀವಾ ತಿನ್ಕೋತಿ?” ಎಂದ ಅಹ್ಮದಸಾಬ.

“ಗೊತ್ತಿಲ್ದ ಅಲ್ಲಪಾ. ಗೊತ್ತಿತ್ತು. ನೆನಪಾಗಲಿಲ್ಲ.”

“ಈಗೇನ್ ಮಾಡಾಕ ಬರ್ತದ?”

“ಹೋಗಿ ತಿರುಗಿಸ್ರಿ ಅಂತ ಕೇಳ್ತೇನಿ.”

ಅವನು ನೆಲ ನೋಡುತ್ತ, “ಹೆಣ್ಮಕ್ಕಳು ಖಬರಸ್ತಾನದೊಳಗ ಕಾಲಿಡಂಗಿಲ್ಲ ಆಪಾ. ಹೋಗೂದಿದ್ರ ನಾ ಹೋಗ್ತೇನಿ” ಎಂದ.

“ನೀ ಹೋಗಿ ಅಲ್ಲೆ ಏನಂತಿ? ಇಲ್ಲಿ ಬಸ್‌ಸ್ಟ್ಯಾಂಡಿನ್ಯಾಗ ಇಂಗ್ಲಿಷ್ ಬೋರ್ಡ್ ಓದಾಕ ನನ್ನ ಕರೀತಿ.”

ಗೋಡೆಗೆ ಗೋಡೆ ಅಂಟಿದ ಮನೆಯ ಸಾವಿತ್ರೆವ್ವ ಮಾತ್ರ ಸಮಾಧಾನ ಹೇಳಲಿಲ್ಲ. ಮಗ್ಗದಿಂದ ಎದ್ದು ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತು, ಇಡೀ ಕಥೆ ಕೇಳಿಸಿಕೊಂಡಳು. “ನಮ್ಮ ಮಂದೀನ ಕುಂದ್ರಿಸಿ ಮಣ್ಣ ಕೊಡ್ತೀವ್ರಿ ಅಕ್ಕಾರ. ಕುಂತಾವ್ರು ಹೆಂಗರ ಹೊರಳಿ ನೋಡ್ಕೊಂತಾರು. ನಿಮ್ಮಾಂವ ಮಲಗ್ಯಾನ, ಅಂವಗ ತನ್ನಷ್ಟಕ್ಕ ಹೊರಳಾಕ ಬರೂದಿಲ್ಲ. ನೀವ ಹೋಗಬೇಕು ತಗೋರಿ,” ಎಂದು ಹೇಳಿ, ದಾರಿಗೆಂದು ಕಟಕ ರೊಟ್ಟಿಯ ಗಂಟು ಕಟ್ಟಿಕೊಟ್ಟಳು. ಅಷ್ಟು ಸರಳವಾಗಿ ಬೇರೆ ಯಾರೂ ಹೇಳಿರಲಿಲ್ಲ. ಆ ದಿನ ಆರಿಫಾ ಹೊಟ್ಟೆ ತುಂಬ ಉಂಡಿದ್ದಳು.

ಗಾಳಿ ಜೋರಾಯಿತು. ಹಡಗು ತೊಟ್ಟಿಲಿನಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗತೊಡಗಿತು, ತೊಟ್ಟಿಲಿನ ಮೃದುತ್ವ ಮಾತ್ರ ಅದಕ್ಕಿರಲಿಲ್ಲ. ಆಕೆ ಒಳಗೆ ಬಂದು ಕುರ್ಚಿಯಲ್ಲಿ ಕುಸಿದಳು. ಹೊಟ್ಟೆಯಲ್ಲಿದ್ದುದೆಲ್ಲ ಗಂಟಲಿಗೆ ಬಂತು. ಚೀಲ ಹುಡುಕುವಷ್ಟರಲ್ಲಿ ಸೀರೆಯ ನೆರಿಗೆಯ ಮೇಲೆಲ್ಲ ಆಯಿತು. ಎದುರಿನ ಸಾಲಿನಲ್ಲಿದ್ದ ಗಂಡಸು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ಈ ವಯಸ್ಸಿನಲ್ಲಿ, ಪರಊರಿನಲ್ಲಿ, ತನ್ನ ವಾಂತಿಯ ನಡುವೆ ಕೂತಿರುವ ಮುದುಕಿ ತಾನು ಎಂದು ಅನ್ನಿಸಿ ಕಣ್ಣು ಮುಚ್ಚಿಕೊಂಡಳು. ಹೊರಟ ದಿನ ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿಯುವಾಗ ಬಾಡಿಗೆ ಗಾಡಿಯ ಯಮನಪ್ಪ ಕೇಳಿದ್ದ. ಹುಬ್ಬಳ್ಳಿಯ ವಿಮಾನಕ್ಕೆ ಬಿಡಲು ಅವನ ಗಾಡಿಯನ್ನೇ ಗೊತ್ತು ಮಾಡಿದ್ದಳು, ಹುನಗುಂದ ದಾಟುವಷ್ಟರಲ್ಲಿ ಒಮ್ಮೆ, ಬಾದಾಮಿಯ ಏರಿನಲ್ಲಿ ಇನ್ನೊಮ್ಮೆ ಅದು ನಿಂತುಬಿಟ್ಟಿತ್ತು. “ಅಕ್ಕಾರ, ಹಡಗ ನಟ್ಟನಡು ಸಮುದ್ರದಾಗ ಬಂದ್ ಬಿದ್ರ ಯಾರ ದೂಡ್ತಾರ್ರಿ?” “ನಡಸಾಂವ ನೀ ಇರೂದಿಲ್ಲಲ್ಲೋ, ಬಂದ್ ಬೀಳೂದಿಲ್ಲ.” ಅವನು ನಕ್ಕು, ಚಹಾದ ಗ್ಲಾಸು ತೊಳೆಸಿ ಮತ್ತೊಮ್ಮೆ ತುಂಬಿಸಿ ತಂದಿದ್ದ, ಯಾಕೆ ಹೊರಟಿದ್ದಾಳೆಂದು ಗೊತ್ತಿದ್ದೂ ದಾರಿಯುದ್ದಕ್ಕೂ ಅದನ್ನು ಎತ್ತಿರಲಿಲ್ಲ. ಕಣ್ಣು ಮುಚ್ಚಿಯೇ ಕೂತಿದ್ದ ಆಕೆಯ ಮೊಣಕೈ ಮೇಲೆ ಯಾರದೋ ಕೈ ಬಿತ್ತು. ದಪ್ಪ ಬೂಟಿನ, ಬಂದರಿನಲ್ಲಿ ಲಾರಿಯನ್ನು ಹಡಗಿಗೆ ಹತ್ತಿಸಿದ್ದ ಹೆಂಗಸೊಬ್ಬಳು ಒದ್ದೆ ಬಟ್ಟೆ ತಂದು, ಏನೂ ಕೇಳದೆ, ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿ ಒರೆಸುತ್ತಿದ್ದಳು. ಆಮೇಲೆ ಜೇಬಿನಿಂದ ಸಕ್ಕರೆ ಹಚ್ಚಿದ ಶುಂಠಿಯ ಚೂರು ತೆಗೆದು ಆರಿಫಾಳ ಅಂಗೈಯಲ್ಲಿಟ್ಟು ತನ್ನ ಜಾಗಕ್ಕೆ ಹೋಗಿ ಕೂತಳು. ಹೆಸರೂ ಹೇಳಲಿಲ್ಲ.

ಶುಂಠಿ ಚೀಪುತ್ತ ಆಕೆಗೆ ವಿಮಾನ ನೆನಪಾಯಿತು. ಮುಂಬೈಯಿಂದ ಲಂಡನ್ನಿಗೆ ಹಾರುವಾಗ ಮುಂದಿನ ಸೀಟಿನ ಬೆನ್ನಿಗೆ ಪುಟ್ಟ ಪರದೆ ಇತ್ತು. ಅದರಲ್ಲಿ ಅಕ್ಕಿಕಾಳಿನಷ್ಟು ವಿಮಾನ ನಕಾಶೆಯ ಮೇಲೆ ತೆವಳುತ್ತಿತ್ತು. ಎಲ್ಲರೂ ಸಿನಿಮಾ ನೋಡಿ ನಿದ್ದೆ ಹೋದರೂ ಆಕೆ ಅದನ್ನೇ ನೋಡಿದಳು. ಹೊರಟಾಗ ಮಕ್ಕಾ ಮುಂದಿತ್ತು. ಸ್ವಲ್ಪ ಹೊತ್ತಿಗೆ ಎಡ ಭುಜಕ್ಕೆ ಬಂತು. ಆಮೇಲೆ ಎಡ ಮೊಣಕೈಗೆ. ಯಾವುದೋ ಮರುಭೂಮಿಯ ಮೇಲೆ, ಯಾವ ಗುರುತೂ ಇಲ್ಲದ ಜಾಗದಲ್ಲಿ, ಅದು ಹಿಂದಕ್ಕೆ ಸರಿಯಿತು. ವಿಮಾನ ಅಲುಗಲಿಲ್ಲ, ಯಾರೂ ಏಳಲಿಲ್ಲ. ಆದರೆ ಹುಟ್ಟಿದಂದಿನಿಂದ ಎದುರಿಗಿದ್ದದ್ದು ಬೆನ್ನಿಗೆ ಬಂದಿತ್ತು. ಬಬ್ಲುವೂ ವರ್ಷವರ್ಷ ಹೀಗೇ ದಾಟಿ ಹೋಗುತ್ತಿದ್ದನಲ್ಲ, ಅವನಿಗೆ ಗೊತ್ತಾಗುತ್ತಿತ್ತು, ಅವನು ತಿರುಗಿಕೊಳ್ಳುತ್ತಿದ್ದ, ಹಡಗಿನ ಅಡುಗೆಮನೆಯ ಮೂಲೆಯಲ್ಲಿ ನಮಾಜಿನ ಚಾಪೆ ಹಾಸುವ ಮೊದಲು ಯಾರನ್ನೋ ಕೇಳಿ ತಿಳಿದುಕೊಳ್ಳುತ್ತಿದ್ದ. ಬದುಕಿದ್ದಷ್ಟು ದಿನ ಅವನು ಸರಿಯಾಗಿಯೇ ತಿರುಗಿದ್ದ. ಲಂಡನ್ನಿನಲ್ಲಿ ಪಾಸ್‌ಪೋರ್ಟ್ ನೋಡುವವನು ಯಾಕೆ ಬಂದಿದ್ದೀರಿ ಎಂದು ಕೇಳಿದ. ತಮ್ಮನಿದ್ದಾನೆ ಎಂದಳು. ಎಲ್ಲಿ ವಾಸ, ಏನು ಕೆಲಸ? ಹಿಂದೆ ಸಾಲು ಬೆಳೆಯುತ್ತಿತ್ತು. ಇಂಗ್ಲಿಷ್ ಎಲ್ಲ ಎಲ್ಲಿಗೋ ಹೋಗಿ, “ಅವನು ಮಣ್ಣಿನಲ್ಲಿದ್ದಾನೆ” ಎಂದಷ್ಟೇ ಹೇಳಲು ಬಂತು. ಅವನು ಕಣ್ಣೆತ್ತಿ ನೋಡಿ, ಮತ್ತೇನೂ ಕೇಳದೆ ಠಸ್ಸೆ ಒತ್ತಿ, ತನ್ನ ಕುರ್ಚಿಯಿಂದ ಅರ್ಧ ಎದ್ದು ಮುಂದಿನ ವಿಮಾನದ ದಾರಿ ತೋರಿಸಿದ.

ಬೆಳಿಗ್ಗೆ ಬಂದರಿನಲ್ಲಿ ಬಸ್ಸು ಸಿಕ್ಕಿತು. ಮರವೇ ಇಲ್ಲದ ಊರು. ಗುಡ್ಡಗಳು ಹಸಿರಾಗಿದ್ದರೂ ಬೋಳಾಗಿದ್ದವು. ಐಹೊಳೆಯ ಬೆನ್ನಿನ ಕಲ್ಲುಗುಡ್ಡಕ್ಕೆ ಯಾರೋ ಹಸಿರು ಬಟ್ಟೆ ಹೊದಿಸಿದಂತೆ. ಒಂದೇ ಗಾಡಿ ಹೋಗುವಷ್ಟು ರಸ್ತೆ, ಅದರ ಮೇಲೆ ಕುರಿಗಳು. ಬಸ್ಸು ನಡೆಸುವವನು ಹಾರನ್ ಹೊಡೆಯದೆ ಅವು ಏಳುವವರೆಗೆ ಕಾದ. ರಸ್ತೆಯ ಕೊನೆಯಲ್ಲಿ ಬಸ್ಸೇ ಒಂದು ಸಣ್ಣ ದೋಣಿಯೊಳಗೆ ಇಳಿಯಿತು, ಆಚೆ ದಡದಲ್ಲಿ ಹತ್ತಿತು. ಇಳಿಯುವ ಜಾಗದ ಹೆಸರು ಹೇಳಿದಾಗ ಅವನು ಕನ್ನಡಿಯಲ್ಲಿ ಆಕೆಯನ್ನು ನೋಡಿ, “ಹಡಗಿನ ಅಡುಗೆಯವನ ಕಡೆಯವರೇ?” ಎಂದು ಕೇಳಿದ. ಅವನ ಇಂಗ್ಲಿಷಿನಲ್ಲಿ ಅರ್ಧ ತಿಳಿಯುತ್ತಿರಲಿಲ್ಲ, ಅದು ಮಾತ್ರ ತಿಳಿಯಿತು. ಅಕ್ಕ ಎಂದಳು. ಅವನು ಟೋಪಿ ತೆಗೆದು ಪಕ್ಕಕ್ಕಿಟ್ಟು, ತನ್ನ ದಾರಿ ಬಿಟ್ಟು ಒಳಗಿನ ಸಣ್ಣ ರಸ್ತೆಗೆ ತಿರುಗಿಸಿ, ಇಂಗಾಳ ಬಾಗಿಲಿಗೇ ಬಸ್ಸು ತಂದು ನಿಲ್ಲಿಸಿದ. ಉಳಿದವರು ಯಾರೂ ಗೊಣಗಲಿಲ್ಲ. ಈ ಜನರಿಗೆ ತಾನು ಹೇಳಬೇಕಾದ ಮಾತಿನ ತೂಕ ಒಂದೊಂದು ಉಪಕಾರಕ್ಕೂ ಹೆಚ್ಚುತ್ತ ಹೋಗುತ್ತಿದೆ ಎಂದು ಆರಿಫಾಳಿಗೆ ಅನ್ನಿಸಿತು. ಒರಟರಿದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಇಂಗಾ ದೊಡ್ಡ ಕೈಗಳ, ಕೆಂಪು ಮುಖದ ಹೆಂಗಸು. ವಯಸ್ಸು ಆರಿಫಾಳದ್ದೇ ಇದ್ದೀತು. ಗೋರಿ ನೋಡಲು ಬರುತ್ತೇನೆ ಎಂದಷ್ಟೇ ಆರಿಫಾ ಅವಳಿಗೆ ಫೋನಿನಲ್ಲಿ ತಿಳಿಸಿದ್ದಳು. ಅಪ್ಪಿಕೊಳ್ಳಬೇಕೋ ಬೇಡವೋ ಎಂದು ಗೊತ್ತಾಗದೆ ಇಬ್ಬರೂ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಮೊದಲು ಊಟ, ಆಮೇಲೆ ಗೋರಿ ಎಂದಳು ಇಂಗಾ. ಮೇಜಿನ ಮೇಲೆ ಮೀನಿನ ಸಾರು ಹೊಗೆಯಾಡುತ್ತಿತ್ತು. “ಹೆದರಬೇಡಿ, ಈ ಪಾತ್ರೆಯಲ್ಲಿ ಹಂದಿ ಬೆಂದಿಲ್ಲ. ನಿಮಗೆಂದೇ ಹೊಸದು ತಂದೆ,” ಎಂದಳು. ಪಾತ್ರೆಯ ತಳದಲ್ಲಿ ಅಂಗಡಿಯ ಚೀಟಿಯ ಗುರುತು ಇನ್ನೂ ಅಂಟಿಕೊಂಡಿತ್ತು. ಆರಿಫಾ ಚಮಚ ಕೈಗೆ ತೆಗೆದುಕೊಂಡಳು. ಉಂಡ ಮನೆಯಲ್ಲಿ ತಪ್ಪು ತೆಗೆಯಬಾರದೆಂದು ಆಕೆಯನ್ನು ಬೆಳೆಸಿದ್ದರು. ಉಣ್ಣುವ ಮೊದಲೇ ಹೇಳಿಬಿಡಬೇಕಿತ್ತು. ಆದರೆ ಇಂಗಾ ಆಗಲೇ ಜನವರಿಯ ಆ ದಿನದ ಕಥೆ ಹೇಳುತ್ತಿದ್ದಳು.

ಗಾಳಿಗೆ ಹಿಮ ಅಡ್ಡಡ್ಡ ಬೀಳುತ್ತಿತ್ತಂತೆ. ಇಲ್ಲಿಯ ಗೋರಿಗಳೆಲ್ಲ ಒಂದೇ ಸಾಲು, ಮೂಡಣಕ್ಕೆ ಕಾಲು. ಒಬ್ಬನದು ಮಾತ್ರ ಅಡ್ಡ ಹಾಕುವುದೆಂದರೆ ಹಿರಿಯರು ಗೊಣಗಿದರಂತೆ. ಇಂಗಾಳ ಗಂಡ ಮ್ಯಾಗ್ನಸ್ ಬಗ್ಗಲಿಲ್ಲ. ಅವನ ಅಕ್ಕ ಹೇಳಿದ್ದಾಳೆ, ಹಾಗೇ ಆಗಬೇಕು ಎಂದ. ಮೀನುದೋಣಿಯ ದಿಕ್ಸೂಚಿ ತಂದು, ಹಗ್ಗ ಕಟ್ಟಿ, ನೆಟ್ಟಗೆ ಪಡುವಣ ಹಿಡಿದು ತೋಡಿದ. “ನಿಮ್ಮ ತಮ್ಮ ಒಂದು ಕೂದಲಿನಷ್ಟೂ ಓರೆಯಾಗಿಲ್ಲ,” ಎಂದಳು ಇಂಗಾ. ಪೆಟ್ಟಿಗೆಯೊಳಗೆ ಬಲ ಮಗ್ಗುಲಿಗೆ ಹೊರಳಿಸಿದರೆ ಮತ್ತೆ ಮತ್ತೆ ಅಂಗಾತ ಬೀಳುತ್ತಿದ್ದ; ಆಮೇಲೆ ತನಗೇ ಹೊಳೆದು, ಬೆನ್ನ ಹಿಂದೆ ಕುರಿಯ ಉಣ್ಣೆ ತುಂಬಿದಳಂತೆ, ತೊಳೆದು ಹಿಂಜಿದ ಉಣ್ಣೆ. “ಆಗ ನಿಂತ. ಚಳಿಯೂ ಆಗದು ಎಂದುಕೊಂಡೆ.” ಇಳಕಲ್ಲಿನ ಮನೆಯಲ್ಲಿ ಕುಣಿಮಗ್ಗದ ಪಕ್ಕ, ಕೌದಿಯ ಮೇಲೆ, ಕೂಸು ಬಬ್ಲು ಗೋಡೆಗೆ ಹೊರಳಿ ಹೊರಳಿ ಹೋಗುತ್ತಿತ್ತು. ಗೋಡೆಯ ತಂಪು ತಾಗಿದರೆ ಕೆಮ್ಮು. ಆರಿಫಾ ಇನ್ನೂ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ; ನಸುಕಿನಲ್ಲಿ ಎದ್ದು ಓದುವ ಮುಂಚೆ ಅವನನ್ನು ಎರಡೂ ಕೈಯಿಂದ ತನ್ನ ಕಡೆಗೆ ತಿರುಗಿಸಿ, ಬೆನ್ನಿಗೆ ಮಡಿಸಿದ ಕೌದಿ ಒತ್ತಿ ಇಡುತ್ತಿದ್ದಳು. ನಿದ್ದೆಯಲ್ಲಿ ಮಗು ಎಷ್ಟು ಭಾರವಾಗಿರುತ್ತಿತ್ತು, ಎಷ್ಟು ನಂಬಿ ತಿರುಗುತ್ತಿತ್ತು. ಸಾರು ಆರುತ್ತಿತ್ತು. ಇಂಗಾ ಆಕೆಯನ್ನೇ ನೋಡುತ್ತಿದ್ದಳು, ಒಂದು ಒಳ್ಳೆಯ ಮಾತಿಗಾಗಿ.

ಸುಮ್ಮನಿದ್ದುಬಿಡಬಹುದಿತ್ತು. ಇಲ್ಲಿಯವರೆಗೆ ಬಂದದ್ದೇ ಸಾಕು ಎಂದು ಎಲ್ಲರೂ ಒಪ್ಪುತ್ತಿದ್ದರು. ನರ್ಗೀಸ ಫೋನಿನಲ್ಲಿ ಗೋರಿಯ ಫೋಟೋ ನೋಡಿ ಅತ್ತು ಸಮಾಧಾನವಾಗುತ್ತಿದ್ದಳು. ಅಹ್ಮದಸಾಬ ನಾ ಹೇಳಿದ್ದೆನಲ್ಲ ಎನ್ನುತ್ತಿದ್ದ. ಆರಿಫಾ ಚಮಚ ಕೆಳಗಿಟ್ಟಳು. ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಲಿಲ್ಲ, ಅದು ಅವಮಾನವಾದೀತೆಂದು.

“ನಾನು ನಿಮಗೆ ತಪ್ಪು ದಿಕ್ಕು ಹೇಳಿದೆ,” ಎಂದಳು. “ಪಡುವಣ ನಮ್ಮ ಊರಿನಿಂದ. ಇಲ್ಲಿಂದ ಮಕ್ಕಾ ಆಗ್ನೇಯಕ್ಕೆ. ನೀವು ಒಂದು ಕೂದಲಿನಷ್ಟೂ ತಪ್ಪು ಮಾಡಿಲ್ಲ. ಅವನನ್ನು ತಿರುಗಿಸಬೇಕು. ಅದನ್ನು ಕೇಳಲಿಕ್ಕೆ ಬಂದಿದ್ದೇನೆ.”

ಇಂಗಾಳ ಮುಖದ ಕೆಂಪು ಕುತ್ತಿಗೆಗೆ ಇಳಿಯಿತು. ಕಿಟಕಿಯ ಆಚೆ ಕುರಿಯೊಂದು ಕೆಮ್ಮಿದ ಸದ್ದು, ಮನುಷ್ಯರು ಕೆಮ್ಮಿದ ಹಾಗೆ.

“ಅಂದರೆ ನಾವು ಅವನ ಬೆನ್ನು ಆ ಕಡೆಗೆ ಮಾಡಿದೆವು.”

“ನೀವಲ್ಲ. ನಾನು.”

“ಹುಲ್ಲು ಎಷ್ಟು ಚೆನ್ನಾಗಿ ಹಿಡಿದಿದೆ ಗೊತ್ತೇ?” ಎಂದಳು ಇಂಗಾ. ಧ್ವನಿ ಸಣ್ಣದಾಗಿತ್ತು. “ನಿಮ್ಮ ದೇವರಿಗೆ ತಿಳಿಯದೇ, ನಾವು ಬೇಕೆಂದು ಮಾಡಲಿಲ್ಲ ಎಂದು?”

“ತಿಳಿದಿದೆ. ಆತ ಏನೂ ಅನ್ನಲಿಕ್ಕಿಲ್ಲ,” ಎಂದಳು ಆರಿಫಾ. “ಆದರೆ ನಾನು ಅವನನ್ನು ಹಾಗೆ ಬಿಟ್ಟು ಹೋಗುವುದಿಲ್ಲ.”

ಇಂಗಾ ಎದ್ದು ಹೋಗಿ ಹಿಂದಿನ ಬಾಗಿಲಲ್ಲಿ ನಿಂತು ಗಂಡನನ್ನು ಕರೆದಳು. ತಮ್ಮ ಮಾತಿನಲ್ಲಿ ಅವನಿಗೆ ಹೇಳಿದಳು. ಆರಿಫಾಳಿಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ಮಧ್ಯದಲ್ಲಿ ಇಂಗಾಳ ದನಿ ಒಡೆದದ್ದು ತಿಳಿಯಿತು. ಮ್ಯಾಗ್ನಸ್ ಕೋಲಿನಂತೆ ಉದ್ದ, ಮರದ ಹೊಟ್ಟು ಹುಬ್ಬಿನ ಮೇಲೆಲ್ಲ ಕೂತಿತ್ತು. ಅವನು ನಲ್ಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ಒರೆಸಿಕೊಂಡು ಬಂದು ಮೇಜಿನ ಇನ್ನೊಂದು ತುದಿಗೆ ಕೂತ.

“ಕೋರ್ಟಿನ ಅಪ್ಪಣೆ ಬೇಕು,” ಎಂದ. “ಬಂದರಿನ ಊರಿಗೆ ಹೋಗಿ ಕೇಳಬೇಕು. ವಾರಗಳಾಗಬಹುದು. ಆಗುವುದಿಲ್ಲ ಎಂದೂ ಹೇಳಬಹುದು.”

“ಆಗುವುದಿಲ್ಲ ಎಂದರೆ ಮತ್ತೆ ಕೇಳುತ್ತೇನೆ. ಅಲ್ಲಿಯವರೆಗೆ ಇರುತ್ತೇನೆ. ಎಲ್ಲಾದರೂ ಒಂದು ಕೋಣೆ ಸಿಕ್ಕರೆ ಸಾಕು.”

ಅವನು ಆಕೆಯನ್ನು ನೋಡಿದ, ಮರದ ಹಲಗೆಯನ್ನು ಬೆಳಕಿಗೆ ಹಿಡಿದು ಎಳೆ ನೋಡುವವರಂತೆ. “ಪೆಟ್ಟಿಗೆ ಗಟ್ಟಿಯಾಗಿದೆ. ನಾನೇ ಮಾಡಿದ್ದು. ತಿರುಗಿಸಬಹುದು,” ಎಂದ. ಆಮೇಲೆ, “ಆವತ್ತು ನಿಮ್ಮ ಕಡೆಯವರು ಯಾರೂ ಇರಲಿಲ್ಲ. ಅವನ ಹೆಸರನ್ನು ಹೇಗೆ ಹೇಳಬೇಕೆಂದೂ ಗೊತ್ತಿಲ್ಲದೆ ನಾವು ಸುಮ್ಮನೆ ನಿಂತೆವು. ನನಗೆ ಅದು ಸರಿಬರಲಿಲ್ಲ. ಈ ಸಲ ಮಣ್ಣು ಹಾಕಲು ನಿಮ್ಮ ಮನೆಯಿಂದ ಯಾರು ಬರುತ್ತಾರೆ?”

ಇಳಕಲ್ಲಿನಲ್ಲಿ ಅಬ್ಬಾರನ್ನು ಹೊತ್ತೊಯ್ದಾಗ ಗಂಡಸರ ಬೆನ್ನುಗಳು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಆಕೆ ಹೊಸ್ತಿಲ ಒಳಗೆ ನಿಂತಿದ್ದಳು. ಹಿಡಿ ಮಣ್ಣು ಕೊಟ್ಟು ಬಂದ ಅಹ್ಮದಸಾಬನ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇತ್ತು. ಆಕೆ ಅದನ್ನು ನೋಡಿದ್ದಳು, ಅಷ್ಟೇ. ಅಹ್ಮದಸಾಬನಿಗೆ ಹೇಳಿ ಕಳಿಸುವೆ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಯೋಚಿಸದೆ ಬರುವ ಮಾತು. ಆಕೆ ಅದನ್ನು ಅಲ್ಲೇ ನಿಲ್ಲಿಸಿದಳು.

“ನಾನೇ,” ಎಂದಳು. “ಅವನ ಹೆಸರನ್ನೂ ನಾನೇ ಹೇಳುತ್ತೇನೆ. ನಿಮಗೂ ಕಲಿಸುತ್ತೇನೆ.”

ಮ್ಯಾಗ್ನಸ್ ತಲೆಯಾಡಿಸಿ ಗೋಡೆಯ ಮೇಲಿನ ದೋಣಿಗಳ ವೇಳಾಪಟ್ಟಿ ನೋಡಲು ಎದ್ದ. ಆರಿಫಾ ಆರಿದ ಸಾರನ್ನು ಕೊನೆಯ ಹನಿಯವರೆಗೂ ಕುಡಿದು ಬಟ್ಟಲು ಖಾಲಿ ಮಾಡಿದಳು. ಇಂಗಾ ಎಲ್ಲೂ ಕಾಣಲಿಲ್ಲ. ಒಳಕೋಣೆಯಲ್ಲಿ ಏನನ್ನೋ ಎಳೆದಾಡುವ, ಪೆಟ್ಟಿಗೆ ತೆರೆದು ಮುಚ್ಚುವ ಸದ್ದು ಬರುತ್ತಿತ್ತು. ನೋಯಿಸಿದೆ, ಇನ್ನು ಈಕೆ ಮಾತಾಡಲಿಕ್ಕಿಲ್ಲ ಎಂದು ಆರಿಫಾ ಅಂದುಕೊಳ್ಳುತ್ತಿದ್ದಳು. ಇಂಗಾ ಹೊರಗೆ ಬಂದಾಗ ಕೈಯಲ್ಲಿ ಮೊಣಕಾಲುದ್ದದ ಕರಿಯ ರಬ್ಬರ್ ಬೂಟುಗಳಿದ್ದವು. ಕಣ್ಣು ಒದ್ದೆಯಾಗಿತ್ತು, ಮುಖ ಇನ್ನೂ ಬಿಗಿದೇ ಇತ್ತು. ಬೂಟುಗಳನ್ನು ಆರಿಫಾಳ ಕಾಲ ಬಳಿ ಇಟ್ಟು, “ಗೋರಿಯ ದಾರಿ ಕೆಸರು. ನನ್ನ ಅಳತೆ ನಿಮಗೆ ದೊಡ್ಡದಾದೀತು,” ಎಂದಳು. ಒಳಗೆ ಕೈ ಹಾಕಿ ನೋಡಿದರೆ, ಒಂದೊಂದರಲ್ಲೂ ದಪ್ಪ ಉಣ್ಣೆಯ ಕಾಲುಚೀಲ ಒಂದರೊಳಗೊಂದು ತುರುಕಿ, ಬೆರಳಿನ ಕಡೆ ಇನ್ನಷ್ಟು ಬಟ್ಟೆ ಒತ್ತಿ, ಸಣ್ಣ ಪಾದಕ್ಕೆ ಅಳತೆ ಮಾಡಿಟ್ಟಿದ್ದಳು. ಆರಿಫಾ ಸೀರೆಯನ್ನು ತುಸು ಮೇಲೆತ್ತಿ, ಕೂತು, ಒಂದನ್ನು ಹಾಕಿಕೊಂಡಳು. ಇನ್ನೊಂದು ಹಿಮ್ಮಡಿಗೆ ಸಿಕ್ಕಿಕೊಂಡಿತು. ಇಂಗಾ ಬಗ್ಗಿ ಅದನ್ನು ಎರಡೂ ಕೈಯಿಂದ ಹಿಡಿದಳು. “ತುಳಿಯಿರಿ, ಜೋರಾಗಿ,” ಎಂದಳು. ಆರಿಫಾ ತುಳಿದಳು.